ಪಟ್ಟಣವಾಗಲು ಕೊಟ್ಟದ್ದೆಷ್ಟು, ಪಡೆದದ್ದೆಷ್ಟು: ಮರಿಯಮ್ಮನಹಳ್ಳಿ ಪೇಟೆಯ ಲೆಕ್ಕ

ಈಗ ವಿಜಯನಗರ ಜಿಲ್ಲೆಯಲ್ಲಿರುವ ಮರಿಯಮ್ಮನಹಳ್ಳಿ ಗ್ರಾಮ ಪಂಚಾಯಿತಿಯಾಗಿದ್ದಾಗ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕರೆಯಲೇಬೇಕಿತ್ತು. 1993ರ ಪಂಚಾಯತ್ ರಾಜ್ ಕಾಯ್ದೆಯ ಕಟ್ಟಳೆ ಅದು. ಚರಂಡಿಗೆ ಎಷ್ಟು ಹೋಯಿತು, ಬೀದಿದೀಪಕ್ಕೆ ಎಷ್ಟು ಹೋಯಿತು ಎಂದು ಎದ್ದುನಿಂತು ಕೇಳುವ ಹಕ್ಕು ಮತದಾರರ ಪಟ್ಟಿಯಲ್ಲಿದ್ದ ಎಲ್ಲರಿಗೂ ಇತ್ತು. ಊರು ಪಟ್ಟಣ ಪಂಚಾಯಿತಿ ಆದ ಮೇಲೆ ಆ ಕಟ್ಟಳೆ ಇಲ್ಲಿಗೆ ಅನ್ವಯಿಸುವುದಿಲ್ಲ. ನಗರಗಳಲ್ಲಿ ಗ್ರಾಮಸಭೆಯ ಜಾಗಕ್ಕೆ ವಾರ್ಡ್ ಸಮಿತಿ ಇರಬೇಕೆನ್ನುವ ಸಂವಿಧಾನದ 243ಎಸ್ ವಿಧಿ ಅದನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನರಿರುವ ಊರುಗಳಿಗೆ ಮಾತ್ರ. ಹಳ್ಳಿಯ ಸಭೆ ಕೈಬಿಟ್ಟಿತು, ನಗರದ ಸಮಿತಿ ಕೈಗೆ ಸಿಗಲಿಲ್ಲ. 2021ರ ಡಿಸೆಂಬರ್‌ನಲ್ಲಿ ಇಲ್ಲಿನ 18 ವಾರ್ಡ್‌ಗಳಿಗೆ ಚುನಾವಣೆ ನಡೆಯಿತು. ಒಂದು ಚುನಾವಣೆಗೂ ಇನ್ನೊಂದಕ್ಕೂ ನಡುವಿನ ಐದು ವರ್ಷ ಊರವರು ಒಟ್ಟಿಗೆ ಕೂತು ಲೆಕ್ಕ ಕೇಳುವ ಜಾಗ ಯಾವುದು?

ಪೇಟೆಯೇ ಆ ಜಾಗ ಆಗಬೇಕು ಎಂಬುದು ನನ್ನ ವಾದ. ಕಿರಾಣಿ ಅಂಗಡಿಯವರು, ಬಟ್ಟೆ ವ್ಯಾಪಾರಿಗಳು, ಗೊಬ್ಬರದಂಗಡಿಯವರು, ತಳ್ಳುಗಾಡಿಯವರು, ಆಟೊದವರು, ಮಹಿಳಾ ಸ್ವಸಹಾಯ ಸಂಘದವರು ಒಂದೇ ಸಂಘವಾಗಿ ಕೂತರೆ ಊರಿನ ಯೋಜನೆ ಅಲ್ಲಿಂದ ಶುರುವಾಗುತ್ತದೆ. ಇದಕ್ಕೆ ಕಾನೂನಿನ ತೊಡಕಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ 7 ಜನ ಸೇರಿದರೆ ಸಂಘ ಕಟ್ಟಬಹುದು. ಆದರೆ ಬರೀ ಮನವಿಪತ್ರ ಹಿಡಿದು ಹೋಗುವ ಸಂಘದಿಂದ ಹೆಚ್ಚೇನೂ ಆಗದು. ಅಂಕಿ ಹಿಡಿದು ಹೋಗುವ ಸಂಘ ಬೇಕು. ಅಂಥ ಸಂಘ ಕೈಯಲ್ಲಿ ಇಟ್ಟುಕೊಳ್ಳಬೇಕಾದ ಕೆಲವು ಲೆಕ್ಕಗಳನ್ನು ಇಲ್ಲಿ ಮಾಡಿಟ್ಟಿದ್ದೇನೆ.

ಮೊದಲು ಜನಸಂಖ್ಯೆ. ಕರ್ನಾಟಕ ಪುರಸಭೆಗಳ ಕಾಯ್ದೆ 1964ರ ಪ್ರಕಾರ ಪಟ್ಟಣ ಪಂಚಾಯಿತಿಗೆ 10,000ದಿಂದ 20,000 ಜನ ಇರಬೇಕು, ಚದರ ಕಿಲೋಮೀಟರಿಗೆ 400ಕ್ಕೆ ಕಡಿಮೆಯಿಲ್ಲದ ಜನಸಾಂದ್ರತೆ ಬೇಕು, ದುಡಿಯುವವರಲ್ಲಿ ಅರ್ಧದಷ್ಟಾದರೂ ಬೇಸಾಯದ ಹೊರಗಿರಬೇಕು. ಈ ಮಿತಿಯ ನಡುವಿನ ಅಂಕಿ, ಅಂದರೆ 15,000ವನ್ನು, ಕೆಳಗಿನ ಎಲ್ಲ ಲೆಕ್ಕಕ್ಕೂ ಹಿಡಿದಿದ್ದೇನೆ. ಹಾಗಾದರೆ ವಾರ್ಡಿಗೆ ಸರಾಸರಿ 833 ಜನ. ಒಂದು ಮದುವೆ ಊಟಕ್ಕೆ ಸೇರುವಷ್ಟು ಮಂದಿ. ಇಷ್ಟು ಸಣ್ಣ ವಾರ್ಡಿನಲ್ಲಿ ಮನೆ, ಅಂಗಡಿ, ನಲ್ಲಿ, ದೀಪದ ಕಂಬ ಎಣಿಸಲು ದೊಡ್ಡ ಸಂಸ್ಥೆಯೇನೂ ಬೇಕಿಲ್ಲ. ಇಬ್ಬರು ಕಾಲೇಜು ಹುಡುಗರು, ಒಂದು ನೋಟ್‌ಬುಕ್ ಸಾಕು.

ಪಟ್ಟಣವಾದ ದಿನ ಊರು ಕಳೆದುಕೊಂಡದ್ದು ಗ್ರಾಮಸಭೆ ಒಂದನ್ನೇ ಅಲ್ಲ. ಉದ್ಯೋಗ ಖಾತ್ರಿಯ ಕೆಲಸ ಗ್ರಾಮೀಣ ಪ್ರದೇಶಕ್ಕೆ ಮಾತ್ರ. 2025–26ರಲ್ಲಿ ಕರ್ನಾಟಕದಲ್ಲಿ ಅದರ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆಗ ಮನೆಗಿದ್ದ 100 ದಿನಕ್ಕೆ 37,000 ರೂಪಾಯಿ. ಎಲ್ಲರಿಗೂ 100 ದಿನ ಸಿಗುತ್ತಿರಲಿಲ್ಲ, ಆದ್ದರಿಂದ ಅರ್ಧಕ್ಕೇ ಲೆಕ್ಕ ಹಾಕೋಣ. 500 ಮನೆಗಳಿಗೆ 50 ದಿನ ಕೆಲಸ ಸಿಕ್ಕಿದ್ದರೆ 92.5 ಲಕ್ಷ ರೂಪಾಯಿ. ಕೂಲಿಯವರ ಕೈಗೆ ಬಂದ ಈ ಹಣ ಬ್ಯಾಂಕಿನಲ್ಲಿ ಮಲಗುವುದಿಲ್ಲ. ಅದೇ ವಾರ ಅಕ್ಕಿ, ಎಣ್ಣೆ, ಸೋಪು, ಮಕ್ಕಳ ಪಟ್ಟಿಪುಸ್ತಕವಾಗಿ ಇದೇ ಪೇಟೆಯ ಗಲ್ಲಾಪೆಟ್ಟಿಗೆಗೆ ಬರುತ್ತದೆ. ಕೂಲಿಯವರು ಕಳೆದುಕೊಂಡ 92 ಲಕ್ಷದಲ್ಲಿ ಅಂಗಡಿಕಾರರದ್ದೂ ಪಾಲಿದೆ. ಕೂಲಿ ಮಾಡುವವರ ಸಂಕಟ ಬೇರೆ, ವರ್ತಕರ ಸಂಕಟ ಬೇರೆ ಎಂದುಕೊಂಡು ಎರಡು ಬೇರೆ ಸಭೆ ಮಾಡುವುದು ತಪ್ಪು ಎಂದು ನಾನು ಹೇಳುವುದು ಇದಕ್ಕೇ.

ಈ ಊರಿಗೆ ಕಳೆದುಕೊಳ್ಳುವುದು ಹೊಸದಲ್ಲ. 1945ರಲ್ಲಿ ಅಡಿಗಲ್ಲು ಬಿದ್ದು 1953ಕ್ಕೆ ಮುಗಿದ ತುಂಗಭದ್ರಾ ಜಲಾಶಯ 90 ಹಳ್ಳಿಗಳನ್ನು, 54,452 ಜನರ ಬದುಕನ್ನು ಮುಳುಗಿಸಿತು. ನೀರು ಹರಡಿದ ಜಾಗ 378 ಚದರ ಕಿಲೋಮೀಟರ್, ಎಕರೆಗೆ ತಿರುಗಿಸಿದರೆ 93,400. ಎದ್ದುಹೋದವರ ತಲೆಗೆ ಹಂಚಿದರೆ 1.7 ಎಕರೆ. ಈಗಿನ ಮರಿಯಮ್ಮನಹಳ್ಳಿ ಆ ಮುಳುಗಡೆಯಿಂದ ಎದ್ದು ಬಂದವರು ಕಟ್ಟಿಕೊಂಡ ಊರು. ಮುಳುಗಿದ ನಾರಾಯಣದೇವರಕೆರೆಯ ಹೆಸರನ್ನು ಇಲ್ಲಿನ ಹಿರಿಯರು ಇಂದಿಗೂ ತವರಿನ ಹೆಸರು ಹೇಳುವಂತೆ ಹೇಳುತ್ತಾರೆ. ಕಾಲುವೆ ಅಣೆಕಟ್ಟೆಯಿಂದ ಕೆಳಕ್ಕೆ ಹರಿಯುತ್ತದೆ, ಊರು ಇರುವುದು ಹಿನ್ನೀರಿನ ದಡದಲ್ಲಿ. ಜಲಾಶಯಕ್ಕೆ ಭೂಮಿ ಕೊಟ್ಟವರ ಹೊಲಕ್ಕೆ ಅದೇ ಜಲಾಶಯದ ಕಾಲುವೆ ಬರುವುದಿಲ್ಲ.

ಕುಡಿಯುವ ನೀರಿನ ಲೆಕ್ಕ ನೋಡಿ. ಒಳಚರಂಡಿ ಇರುವ ಊರಿಗೆ ತಲಾ ದಿನಕ್ಕೆ 135 ಲೀಟರ್, ಇಲ್ಲದ ಊರಿಗೆ 70 ಲೀಟರ್ ಎಂಬುದು ಕೇಂದ್ರದ 1999ರ ಕೈಪಿಡಿಯ ಮಾನದಂಡ. ಹೆಚ್ಚಿನದನ್ನೇ ಹಿಡಿದರೂ 15,000 ಜನಕ್ಕೆ ದಿನಕ್ಕೆ 20.25 ಲಕ್ಷ ಲೀಟರ್, ವರ್ಷಕ್ಕೆ ಸುಮಾರು 74 ಕೋಟಿ ಲೀಟರ್. ಒಂದು ಟಿಎಂಸಿ ಎಂದರೆ 2,831 ಕೋಟಿ ಲೀಟರ್. ಇಡೀ ಪಟ್ಟಣದ ಒಂದು ವರ್ಷದ ನೀರು 0.026 ಟಿಎಂಸಿ. ಜಲಾಶಯ ಕಟ್ಟಿದಾಗ ಅದರ ಸಾಮರ್ಥ್ಯ 132.47 ಟಿಎಂಸಿ, ಈಗಿನದು 105.788. ಹೂಳು ತಿಂದ ಜಾಗ 26.68 ಟಿಎಂಸಿ. ಭಾಗಿಸಿ ನೋಡಿದರೆ ಹೂಳು ತುಂಬಿಕೊಂಡಿರುವ ಆ ಜಾಗದಲ್ಲಿ ಮರಿಯಮ್ಮನಹಳ್ಳಿಯ ಒಂದು ಸಾವಿರ ವರ್ಷದ ನೀರು ಹಿಡಿಯುತ್ತಿತ್ತು. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಕೊಚ್ಚಿಕೊಂಡು ಹೋದಾಗ ನಾಡೆಲ್ಲ ಟಿಎಂಸಿಯ ಮಾತಾಡಿತು. ಆ ದೊಡ್ಡ ಅಂಕಿಗಳ ಪಕ್ಕದಲ್ಲಿ ಈ ಸಣ್ಣ ಅಂಕಿಯನ್ನೂ ಬರೆದಿಡಬೇಕು. ಊರು ನಲ್ಲಿಯಲ್ಲಿ ಕೇಳುತ್ತಿರುವುದು ಜಲಾಶಯದ 4,000ದಲ್ಲಿ ಒಂದು ಪಾಲು. ನೀರು ದಿನ ಬಿಟ್ಟು ದಿನ ಬಂದರೆ ಅದಕ್ಕೆ ಪಂಪು, ಪೈಪು, ಟ್ಯಾಂಕು ಕಾರಣವಾಗಿರಬಹುದು. ನೀರಿನ ಅಭಾವ ಕಾರಣವೆಂದು ಹೇಳಿದರೆ ಒಪ್ಪಬೇಕಿಲ್ಲ.

ಕಸದ ಲೆಕ್ಕ ಪೇಟೆಗೆ ನೇರ ತಟ್ಟುವಂಥದ್ದು. ಸಣ್ಣ ಪಟ್ಟಣದಲ್ಲಿ ತಲಾ 200ರಿಂದ 300 ಗ್ರಾಂ ಕಸ ಹುಟ್ಟುತ್ತದೆ. 250 ಗ್ರಾಂ ಎಂದು ಹಿಡಿದರೆ ದಿನಕ್ಕೆ 3.75 ಟನ್. ಮುಕ್ಕಾಲು ಟನ್ ಹೊರುವ ಆಟೊ ಟಿಪ್ಪರ್‌ಗೆ ತೂಕದಲ್ಲಿ ಐದು ಟ್ರಿಪ್. ಆದರೆ ಪ್ಲಾಸ್ಟಿಕ್ಕು, ಥರ್ಮಾಕೋಲು, ರಟ್ಟು ತೂಗುವುದು ಕಡಿಮೆ, ಜಾಗ ಹಿಡಿಯುವುದು ಜಾಸ್ತಿ. ಹಾಗಾಗಿ ಐದು ಟ್ರಿಪ್ ಏಳೆಂಟು ಆಗುತ್ತದೆ, ಡೀಸೆಲ್ ಅಷ್ಟೇ ಏರುತ್ತದೆ. ಅಂಗಡಿಯ ರಟ್ಟಿನ ಪೆಟ್ಟಿಗೆ ಮುರಿದು ಮಡಚಿ ಕಟ್ಟಿಟ್ಟರೆ ಗುಜರಿಯವರೇ ದುಡ್ಡು ಕೊಟ್ಟು ಒಯ್ಯುತ್ತಾರೆ, ಟಿಪ್ಪರ್‌ನಲ್ಲಿ ಜಾಗ ಉಳಿಯುತ್ತದೆ. ಹೋಟೆಲು, ತರಕಾರಿಯವರ ಹಸಿ ಕಸ ಬೇರೆಯಾದರೆ 3.75 ಟನ್ನಿನಲ್ಲಿ ಅರ್ಧದ ಹತ್ತಿರ, ಸುಮಾರು 1.8 ಟನ್, ಗೊಬ್ಬರದ ಗುಂಡಿಗೆ ಹೋಗುತ್ತದೆ. ಸುತ್ತ ಮಳೆ ನಂಬಿದ ಹೊಲಗಳಿರುವ ಊರಿನಲ್ಲಿ ಗೊಬ್ಬರಕ್ಕೆ ಗಿರಾಕಿ ಹುಡುಕಬೇಕಿಲ್ಲ.

ಈಗ ಬೀದಿಬದಿಯವರು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಊರಿನ ಜನಸಂಖ್ಯೆಯ ಶೇ 2.5ರಷ್ಟು ವ್ಯಾಪಾರಿಗಳಿಗೆ ಜಾಗ ಮಾಡಿಕೊಡಲು ಹೇಳುತ್ತದೆ. 15,000ಕ್ಕೆ ಅದು 375 ಜನ. ಐದು ವರ್ಷಕ್ಕೊಮ್ಮೆ ಸಮೀಕ್ಷೆ ಆಗಬೇಕು, ಎಬ್ಬಿಸುವ ಮೊದಲು 30 ದಿನದ ನೋಟಿಸ್ ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40 ಮಂದಿ ಬೀದಿಬದಿಯವರೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. 20 ಜನರ ಸಮಿತಿಯಾದರೆ 8 ಮಂದಿ ಗಾಡಿಯವರು, ಅವರಲ್ಲಿ ಕನಿಷ್ಠ 3 ಹೆಂಗಸರು. ಅದೇ ಸಮಿತಿಯಲ್ಲಿ ವರ್ತಕರ ಸಂಘಕ್ಕೂ ಕುರ್ಚಿ ಇದೆ. ಅಂಗಡಿ ಮುಂದೆ ಗಾಡಿ ನಿಲ್ಲಿಸಿದರು ಎಂಬ ದಿನನಿತ್ಯದ ತಕರಾರು ಪೊಲೀಸ್ ಠಾಣೆಗೆ ಹೋಗುವ ಮೊದಲು ಕೂತು ಬಗೆಹರಿಸಲು ಕಾನೂನೇ ಹಾಕಿಕೊಟ್ಟ ಚಾಪೆ ಅದು.

ಗಾಡಿಯವರ ನಿಜವಾದ ಹೊರೆ ಸಾಲ. ದಿನದ ಕಂತಿನ ಸಾಲ ಹೇಗಿರುತ್ತದೆಂದರೆ, ಕೈಗೆ 9,000 ಕೊಟ್ಟು 10,000 ಎಂದು ಬರೆದುಕೊಳ್ಳುತ್ತಾರೆ, ದಿನಕ್ಕೆ 100ರಂತೆ 100 ದಿನ ಕಟ್ಟಬೇಕು. ಸಾವಿರ ತಾನೇ ಅನ್ನಿಸುತ್ತದೆ. ಆದರೆ ಅಸಲು ದಿನದಿನಕ್ಕೂ ಇಳಿಯುವುದರಿಂದ ಬಡ್ಡಿ ವರ್ಷಕ್ಕೆ ಶೇ 75 ದಾಟುತ್ತದೆ. 15,000 ರೂಪಾಯಿಯನ್ನು ಇದೇ ದರದಲ್ಲಿ ವರ್ಷವಿಡೀ ತಿರುಗಿಸಿದರೆ ಹೋಗುವುದು ಸುಮಾರು 6,000. ಪಿಎಂ ಸ್ವನಿಧಿಯಲ್ಲಿ 2020ರಲ್ಲಿ 10,000 ಇದ್ದ ಮೊದಲ ಸಾಲ 2025ರ ಆಗಸ್ಟ್‌ನ ತೀರ್ಮಾನದಿಂದ 15,000 ಆಗಿದೆ, ಎರಡನೆಯದು 25,000, ಮೂರನೆಯದು 50,000. ಬ್ಯಾಂಕ್ ಶೇ 12 ಹಾಕಿದರೂ ಒಂದು ವರ್ಷದ ಬಡ್ಡಿ ಸಾವಿರದೊಳಗೆ. ಕಂತು ತಪ್ಪಿಸದಿದ್ದರೆ ಶೇ 7ರಷ್ಟು ಬಡ್ಡಿ ಸಹಾಯಧನವಾಗಿ ಸುಮಾರು 580 ರೂಪಾಯಿ ಖಾತೆಗೆ ವಾಪಸ್. ಉಳಿಯುವ ಹೊರೆ 415ರ ಆಸುಪಾಸು. 6,000ಕ್ಕೂ 415ಕ್ಕೂ ನಡುವಿನ ಅಂತರವನ್ನು 375 ಗಾಡಿಗಳಿಗೆ ಗುಣಿಸಿದರೆ ವರ್ಷಕ್ಕೆ 21 ಲಕ್ಷ. ವರ್ತಕರ ಸಂಘ ಬೇರೇನೂ ಮಾಡದೆ, ಅರ್ಜಿ ಬರೆಯಲು ಬಾರದವರಿಗೆ ಅರ್ಜಿ ತುಂಬಿಕೊಟ್ಟು, ಬ್ಯಾಂಕಿಗೆ ಜೊತೆಗೆ ಹೋದರೂ ಇಷ್ಟು ಹಣ ಊರಿನಲ್ಲೇ ಉಳಿಯುತ್ತದೆ. ನನ್ನ ಮಟ್ಟಿಗೆ ಸಂಘ ಮಾಡಬೇಕಾದ ಮೊದಲ ಕೆಲಸ ಇದೇ.

ಒಂದು ಮಂಡಕ್ಕಿ–ಮಿರ್ಚಿ ಗಾಡಿಯನ್ನು ಹತ್ತಿರದಿಂದ ನೋಡೋಣ. ಸಂಜೆ ನಾಲ್ಕಕ್ಕೆ ಬಾಣಲೆ ಕಾಯುತ್ತದೆ, ರಾತ್ರಿ ಒಂಬತ್ತೂವರೆಗೆ ಸ್ಟೋವ್ ಆರುತ್ತದೆ. ಕಡಲೆಹಿಟ್ಟು 5 ಕೆ.ಜಿ.ಗೆ 500, ಎಣ್ಣೆ 3 ಲೀಟರಿಗೆ 450, ಹಸಿಮೆಣಸಿನಕಾಯಿ 3 ಕೆ.ಜಿ.ಗೆ 180, ಮಂಡಕ್ಕಿಗೆ 250, ಉಳ್ಳಾಗಡ್ಡಿ, ಕೊತ್ತಂಬರಿ, ನಿಂಬೆಹಣ್ಣಿಗೆ 160. ವಾಣಿಜ್ಯ ಸಿಲಿಂಡರ್ 1,800 ಎಂದು ಹಿಡಿದು ಐದು ದಿನ ಬಂದರೆ ದಿನಕ್ಕೆ 360. ಕೈಗೆ ಸಹಾಯಕ್ಕಿರುವ ಹುಡುಗನಿಗೆ 400. ಒಟ್ಟು 2,300. ವ್ಯಾಪಾರ 3,000 ಆದರೆ ಉಳಿಯುವುದು 700. ದರ ಏರಿಳಿದ ಹಾಗೆ ಅಂಕಿ ಬದಲಿಸಿಕೊಳ್ಳಿ, ಲೆಕ್ಕದ ದಾರಿ ಇದೇ. ಆ 700ರಲ್ಲಿ ದಿನದ ಕಂತು 100 ಹೋದರೆ ಮನೆಗೆ 600. ಮಳೆ ಬಂದ ದಿನ ಗಾಡಿ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ.

ಇದೇ ಗಾಡಿಯವರು ಈಗ ಫೋನ್‌ಪೇ ಫಲಕ ತೆಗೆದಿಡಬೇಕೋ ಎಂದು ಅಂಜುತ್ತಾರೆ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ರಾಜ್ಯದ ಬೇಕರಿ, ಕಾಂಡಿಮೆಂಟ್ಸ್‌ನವರು ಒಟ್ಟಾಗಿ ಬಂದ್‌ಗೆ ಕರೆ ಕೊಟ್ಟರು, ಮುಖ್ಯಮಂತ್ರಿ ಅವರನ್ನು ಕರೆದು ಮಾತಾಡಿದರು. ಒಗ್ಗಟ್ಟಾಗಿ ಹೋದದ್ದಕ್ಕೆ ಸಿಕ್ಕ ಫಲ ಅದು. ಆದರೆ ಅಂಜಿಕೆ ಕಳೆಯುವುದು ಲೆಕ್ಕದಿಂದ. ಜಿಎಸ್‌ಟಿ ನೋಂದಣಿಯ ಮಿತಿ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಹೋಟೆಲಿನಂಥ ಸೇವೆಗೆ 20 ಲಕ್ಷ. ವರ್ಷಪೂರ್ತಿ ಬಾಗಿಲು ತೆರೆದ ಕಿರಾಣಿ ಅಂಗಡಿ ದಿನಕ್ಕೆ 10,959 ರೂಪಾಯಿ, ತಿಂಡಿ ಗಾಡಿ ದಿನಕ್ಕೆ 5,479 ರೂಪಾಯಿ ವ್ಯಾಪಾರ ಮಾಡಿದಾಗ ಆ ಗೆರೆ ಮುಟ್ಟುತ್ತದೆ. ನಮ್ಮ ಮಿರ್ಚಿ ಗಾಡಿ 300 ದಿನ ನಿಂತರೂ 9 ಲಕ್ಷ. ಗೆರೆ ಇನ್ನೂ 11 ಲಕ್ಷ ದೂರ. ಮಗಳ ಮದುವೆಗೆ ಬಂದ ಕೈಗಡ ಅದೇ ಖಾತೆಗೆ ಬಿದ್ದರೆ ಮಾತ್ರ ಗೊಂದಲ. ವ್ಯಾಪಾರಕ್ಕೆ ಒಂದು ಖಾತೆ, ಮನೆಗೆ ಇನ್ನೊಂದು ಎಂಬ ಒಂದು ಮಾತನ್ನು ಸಂಘದವರು ಗಾಡಿಗಾಡಿಗೂ ಹೋಗಿ ಹೇಳಬೇಕು.

ಸಂಘಕ್ಕೆ ಹಣ? 200 ಅಂಗಡಿಗಳು ದಿನಕ್ಕೆ 10 ರೂಪಾಯಿ, 100 ಗಾಡಿಗಳು 2 ರೂಪಾಯಿ ಹಾಕಿದರೆ ದಿನಕ್ಕೆ 2,200. ತಿಂಗಳಿಗೆ 26 ದಿನ ಹಿಡಿದರೆ 57,200, ವರ್ಷಕ್ಕೆ 6.86 ಲಕ್ಷ. ಪೇಟೆಬೀದಿಯ ಕಸ ವಿಂಗಡಿಸಲು ಇಬ್ಬರು ಹೆಣ್ಣುಮಕ್ಕಳಿಗೆ ತಲಾ 15,000ದಂತೆ ತಿಂಗಳಿಗೆ 30,000. ಲೆಕ್ಕ ಬರೆಯುವ ಒಬ್ಬರಿಗೆ 8,000. ಉಳಿದ 19,000ದಲ್ಲಿ ಕುಡಿಯುವ ನೀರಿನ ಘಟಕ, ಹೆಂಗಸರ ಶೌಚಾಲಯದ ಸ್ವಚ್ಛತೆ. ಪೇಟೆಗೆ ಬರುವ ಹಳ್ಳಿಯ ಹೆಂಗಸರು ಮನೆಯಿಂದ ಹೊರಡುವಾಗ ನೀರೇ ಕುಡಿಯದೆ ಬರುವ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಶೌಚಾಲಯವಿದ್ದರೆ ಅವರು ಇನ್ನೊಂದು ತಾಸು ನಿಂತು ಸಾಮಾನು ಕೊಳ್ಳುತ್ತಾರೆ ಎಂಬ ವ್ಯಾಪಾರದ ಮಾತು ಹೇಳಿಯಾದರೂ ಅದನ್ನು ಕಟ್ಟಿಸಬೇಕು. ಆದರೆ ವ್ಯಾಪಾರವಾಗಲಿ ಬಿಡಲಿ, ಅದು ಬೇಕು.

ಈ ವಂತಿಗೆ ಪಟ್ಟಣ ಪಂಚಾಯಿತಿಯ ಕೆಲಸಕ್ಕೆ ಬದಲಿ ಆಗಬಾರದು. ತೆರಿಗೆ ಕಟ್ಟಿದ ಕೆಲಸಕ್ಕೆ ಮತ್ತೊಮ್ಮೆ ದುಡ್ಡು ಹಾಕುವುದು ಸರಿಯಲ್ಲ. ಪಂಚಾಯಿತಿಯ ಹಣದ ಪಾಲುಗಳನ್ನು ಸಂಘ ಬಾಯಿಪಾಠ ಮಾಡಿಕೊಳ್ಳಬೇಕು: ನಿಗದಿತ ನಿಧಿಯಲ್ಲಿ ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ. 15ನೇ ಹಣಕಾಸು ಆಯೋಗ 2021–26ಕ್ಕೆ ಇಂಥ ಊರುಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟುಬಿದ್ದದ್ದು. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದವರಿಗೆ ಶೇ 5 ರಿಯಾಯಿತಿ ಇದೆ. ವರ್ಷಕ್ಕೆ 4,000 ಕಟ್ಟುವ ಅಂಗಡಿಗೆ 200 ಉಳಿತಾಯ, ಪಂಚಾಯಿತಿಗೆ ವರ್ಷದ ಮೊದಲ ತಿಂಗಳಲ್ಲೇ ಹಣ. ತಾವು ತೆರಿಗೆ ಬಾಕಿ ಇಟ್ಟುಕೊಂಡು ಲೆಕ್ಕ ಕೇಳಲು ಹೋದವರ ದನಿ ಏರುವುದಿಲ್ಲ.

ಊರಿನ ಆಚೆಗೂ ಹಣವಿದೆ. ಗಣಿ ಬಾಧಿತ ಪ್ರದೇಶಗಳಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನ 2015ರಿಂದ ಇದೆ. ಹಳೆಯ ಗಣಿ ಗುತ್ತಿಗೆಗಳಿಂದ ರಾಜಧನದ ಶೇ 30, ಹರಾಜಾದ ಗುತ್ತಿಗೆಗಳಿಂದ ಶೇ 10 ಅದಕ್ಕೆ ಬರುತ್ತದೆ. 2024ರ ಮಾರ್ಗಸೂಚಿ ಗಣಿಯಿಂದ 15 ಕಿ.ಮೀ. ಒಳಗಿನದನ್ನು ನೇರ ಬಾಧಿತ, 25 ಕಿ.ಮೀ. ಒಳಗಿನದನ್ನು ಪರೋಕ್ಷ ಬಾಧಿತ ಪ್ರದೇಶ ಎನ್ನುತ್ತದೆ. ಬಳ್ಳಾರಿ ಗಣಿಗಳ ವಾರ್ಷಿಕ ಮಿತಿಯನ್ನು ಸುಪ್ರೀಂ ಕೋರ್ಟ್ 2022ರಲ್ಲಿ 2.8 ಕೋಟಿ ಟನ್‌ನಿಂದ 3.5 ಕೋಟಿಗೆ ಏರಿಸಿತು. ಸಂಡೂರಿನ ಗುಡ್ಡ ಒಂದು ಕಡೆ, ಡಣಾಪುರದ ಉಕ್ಕಿನ ಕಾರ್ಖಾನೆ ಇನ್ನೊಂದು ಕಡೆ, ನಡುವೆ ಹೆದ್ದಾರಿ 50. ನಕಾಶೆ ಹಾಸಿ, ಗಣಿಗಡಿಯಿಂದ ಊರಿಗೆ ದೂರ ಅಳೆಸಿ, ಅಳತೆಯ ಪತ್ರ ಹಿಡಿದು ಜಿಲ್ಲಾಧಿಕಾರಿಗಳ ಮುಂದೆ ಹೋಗುವುದು ಸಂಘದ ಕೆಲಸ. ದಾರಿ ಮಾತ್ರ ಕವಲಾಗಿದೆ. ತಾಲ್ಲೂಕು ಹೊಸಪೇಟೆ, ವಿಧಾನಸಭಾ ಕ್ಷೇತ್ರ ಹಗರಿಬೊಮ್ಮನಹಳ್ಳಿ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಜಿಲ್ಲಾ ಕಚೇರಿ ಬಳ್ಳಾರಿಯಿಂದ ಹೊಸಪೇಟೆಗೆ ಹತ್ತಿರ ಬಂದದ್ದು ನಿಜವಾದ ಲಾಭ. ಬೆಳಿಗ್ಗೆ ಅಂಗಡಿ ತೆರೆದಿಟ್ಟು ಹೋಗಿ ಮಧ್ಯಾಹ್ನದ ಊಟಕ್ಕೆ ಮರಳಬಹುದು.

ಹೊರಗಿನವರಿಗೆ ಮರಿಯಮ್ಮನಹಳ್ಳಿ ಗೊತ್ತಿರುವುದು ನಾಟಕದಿಂದ, ಜೋಗತಿ ಕಲೆಯಿಂದ. ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು, 2021ರಲ್ಲಿ ಪದ್ಮಶ್ರೀ ಪಡೆದದ್ದು ಈ ಊರಿಗೆ ಸಂದ ಮಾನ. ಕಲೆಗೆ ಬೆಲೆ ಕಟ್ಟುವುದು ನನ್ನ ಉದ್ದೇಶವಲ್ಲ. ಆದರೆ ಯೋಜನೆಯ ಹಾಳೆಯಲ್ಲಿ ರಂಗಮಂದಿರಕ್ಕೆ ಸಾಲು ಬಿಟ್ಟಿರದಿದ್ದರೆ ಈ ಲೆಕ್ಕ ತೋರಿಸಬೇಕು: ಒಂದು ರಾತ್ರಿ 500 ಜನ ನಾಟಕಕ್ಕೆ ಬಂದು ತಲಾ 40 ರೂಪಾಯಿ ಚಹಾ, ಮಿರ್ಚಿಗೆ ಖರ್ಚು ಮಾಡಿದರೆ 20,000. ತಿಂಗಳಿಗೆ ಎರಡು ಪ್ರಯೋಗವಾದರೆ ವರ್ಷಕ್ಕೆ 4.8 ಲಕ್ಷ, ಟಿಕೆಟ್ಟಿನ ಹಣ ಬಿಟ್ಟು. ರಾಮನವಮಿಯ ಹೊತ್ತಿಗೆ ನಡೆಯುವ ಲಕ್ಷ್ಮೀನಾರಾಯಣಸ್ವಾಮಿ, ಆಂಜನೇಯಸ್ವಾಮಿ ಜೋಡಿ ರಥೋತ್ಸವಕ್ಕೂ ಹೀಗೇ ಮುಂಗಡ ಲೆಕ್ಕ ಬೇಕು. ಬೇಸಿಗೆಯಲ್ಲಿ 20,000 ಜನ ಸೇರಿದರೆ, ತಲಾ 3 ಲೀಟರ್ ನೀರಿನಂತೆ 60,000 ಲೀಟರ್, ಅಂದರೆ 5,000 ಲೀಟರಿನ 12 ಟ್ಯಾಂಕರ್. ತಲಾ 100 ಗ್ರಾಂ ಕಸವೆಂದರೂ 2 ಟನ್.

ಪಟ್ಟಣದಲ್ಲಿ ಊರವರಿಗೆ ಉಳಿದಿರುವ ಬಾಗಿಲು ಬಜೆಟ್ ಪೂರ್ವಭಾವಿ ಸಭೆ. ಅದನ್ನು ನಡೆಸಲು ಹೇಳುವ 2006ರ ಲೆಕ್ಕಪತ್ರ ಮತ್ತು ಬಜೆಟ್ ನಿಯಮಗಳು ಪಟ್ಟಣ ಪಂಚಾಯಿತಿಗೂ ಅನ್ವಯಿಸುತ್ತವೆ. ಆ ಸಭೆಗೆ ಸಂಘ ಒಂದೇ ಹಾಳೆ ಒಯ್ಯಲಿ. ನೀರು 20.25 ಲಕ್ಷ ಲೀಟರ್, ಕಸ 3.75 ಟನ್, ಗಾಡಿಗೆ ಜಾಗ 375, ರಥೋತ್ಸವಕ್ಕೆ 12 ಟ್ಯಾಂಕರ್. ನಾನು ಹಿಡಿದ 15,000ದ ಜಾಗದಲ್ಲಿ ವಾರ್ಡ್‌ವಾರು ಎಣಿಸಿದ ನಿಜವಾದ ಅಂಕಿ ಇರಲಿ. ಪ್ರತಿ ಸಾಲಿನ ಮುಂದೆ ಎರಡು ಖಾನೆ ಖಾಲಿ ಬಿಡಲಿ: ಬಜೆಟ್‌ನಲ್ಲಿ ಇಟ್ಟದ್ದೆಷ್ಟು, ಖರ್ಚಾದದ್ದೆಷ್ಟು. ಮೊದಲನೆಯದನ್ನು ಈ ವರ್ಷದ ಸಭೆಯಲ್ಲೇ ಬರೆಸಿಕೊಂಡು, ಎರಡನೆಯದನ್ನು ಮುಂದಿನ ವರ್ಷ ಅದೇ ಹಾಳೆ ತಂದು ತುಂಬಿಸಿಕೊಳ್ಳಲಿ. ಆ ಹಾಳೆಯ ಒಂದು ಜೆರಾಕ್ಸ್ ಪ್ರತಿ ಅಂಗಡಿಯ ಗಲ್ಲಾದ ಹಿಂದಿನ ಗೋಡೆಯ ಮೇಲೂ ಅಂಟಿರಲಿ. 200 ಪ್ರತಿಗೆ 2 ರೂಪಾಯಿಯಂತೆ ಖರ್ಚು 400 ರೂಪಾಯಿ.